ಚಾಕು ಮಾಡುವ ಸಣ್ಣ ವರ್ಕ್‌ಶಾಪಿಗೆ ಯಾವ ಗ್ರೈಂಡರ್? ಯಂತ್ರಕ್ಕಿಂತ ಮೊದಲು ತರಿಯ ಲೆಕ್ಕ

4 ಮಿಲಿಮೀಟರ್ ದಪ್ಪ, 30 ಮಿಲಿಮೀಟರ್ ಅಗಲದ ಒಂದು ಉಕ್ಕಿನ ಪಟ್ಟಿ ಇದೆ ಎಂದುಕೊಳ್ಳಿ. ಒಂದು ಅಂಚಿನ ದಪ್ಪವನ್ನು ಹಾಗೇ ಬಿಟ್ಟು, ಇನ್ನೊಂದು ಅಂಚು ಅರ್ಧ ಮಿಲಿಮೀಟರಿಗೆ ಇಳಿಯುವಂತೆ ಎರಡೂ ಮಗ್ಗುಲನ್ನು ಇಳಿಜಾರಾಗಿ ಉಜ್ಜಿದರೆ, ಆ ಭಾಗದ ಉಕ್ಕಿನಲ್ಲಿ ಶೇ. 44ರಷ್ಟು ಪುಡಿಯಾಗಿ ಕೆಳಗೆ ಬಿದ್ದಿರುತ್ತದೆ. ಪಟ್ಟಿ ಉಕ್ಕಿನಿಂದ ಚಾಕು ಮಾಡುವ ಕೆಲಸದಲ್ಲಿ ಬಹುಪಾಲು ಸಮಯ ಹೋಗುವುದು ಹೀಗೆ ಬೇಡದ ಉಕ್ಕನ್ನು ತೆಗೆಯುವುದರಲ್ಲಿ, ಆಮೇಲೆ ತೆಗೆದ ಗುರುತನ್ನು ಅಳಿಸುವುದರಲ್ಲಿ. ಹಾಗಾಗಿ ಹೊಸಬರು ಕೇಳುವ ಮೊದಲ ಪ್ರಶ್ನೆ ಒಂದೇ: ಯಾವ ಗ್ರೈಂಡರ್ ಕೊಳ್ಳಬೇಕು?

ಪ್ರಶ್ನೆ ಸರಿ, ಆದರೆ ಅದನ್ನು ಹಿಂದಿನಿಂದ ಬಿಡಿಸಬೇಕು. ಉಕ್ಕನ್ನು ಕಡಿಯುವುದು ಯಂತ್ರವಲ್ಲ, ಅದರಲ್ಲಿ ಸುತ್ತುವ ಬೆಲ್ಟಿಗೋ ಉಜ್ಜುಕಾಗದಕ್ಕೋ ಅಂಟಿಸಿದ ಗಟ್ಟಿ ಹರಳುಗಳು. ಆ ಹರಳುಗಳ ಒರಟುತನದ ದರ್ಜೆಯೇ ತರಿ, ಅಂದರೆ ಗ್ರಿಟ್. ಆ ಹರಳುಗಳನ್ನು ಸರಿಯಾದ ವೇಗದಲ್ಲಿ, ಸರಿಯಾದ ಒತ್ತಡದಲ್ಲಿ, ಉಕ್ಕು ಅತಿಯಾಗಿ ಬಿಸಿಯಾಗದಂತೆ ಉಣಿಸುವುದಷ್ಟೇ ಯಂತ್ರದ ಕೆಲಸ. ಹರಳಿಗೆ ಏನು ಬೇಕು ಎಂದು ತಿಳಿದರೆ ಯಂತ್ರದ ಆಯ್ಕೆ ಅರ್ಧ ಮುಗಿದಂತೆ.

ಮುಂದೆ ಪದೇ ಪದೇ ಬರುವ ನಾಲ್ಕು ಮಾತು: ಚಾಕುವಿನ ಲೋಹದ ಭಾಗ ಅಲಗು. ಕತ್ತರಿಸುವ ಅಂಚು ಬಾಯಿ, ಅದರ ಎದುರಿನ ದಪ್ಪ ಅಂಚು ಬೆನ್ನು. ಬೆನ್ನಿನಿಂದ ಬಾಯಿಗೆ ಇಳಿಯುವ ಮೈ ಇಳಿಜಾರು, ಅಂದರೆ ಬೆವೆಲ್.

ಒಂದೇ ಯಂತ್ರ, ಮೂರು ಬೇರೆ ಕೆಲಸ

ಮೊದಲನೆಯದು ಹೊರ ಆಕಾರ. ಪಟ್ಟಿಯ ಮೇಲೆ ಬರೆದ ಗೆರೆಯವರೆಗೆ ಉಕ್ಕನ್ನು ತೆಗೆಯಬೇಕು. ಇದಕ್ಕೆ ನಾಜೂಕು ಬೇಡ, ಬಲ ಬೇಕು. ಹ್ಯಾಕ್ಸಾ, ಆಂಗಲ್ ಗ್ರೈಂಡರ್, ಒರಟು ಬೆಲ್ಟ್ ಯಾವುದಾದರೂ ನಡೆಯುತ್ತದೆ.

ಎರಡನೆಯದು ಇಳಿಜಾರು. ಚಾಕು ಕೆಡುವುದು ಹೆಚ್ಚಾಗಿ ಇಲ್ಲೇ. ಎರಡೂ ಬದಿ ಒಂದೇ ಕೋನದಲ್ಲಿ, ಒಂದೇ ಎತ್ತರಕ್ಕೆ, ಅಲೆಯಿಲ್ಲದೆ ಬರಬೇಕು. ಕೋನ ಎಷ್ಟು ಸಣ್ಣದೆಂದರೆ, 4 ಮಿಲಿಮೀಟರ್ ದಪ್ಪದ ಅಲಗಿನಲ್ಲಿ 20 ಮಿಲಿಮೀಟರ್ ಎತ್ತರದ ಇಳಿಜಾರು ತೆಗೆದು ಬಾಯಿಯಲ್ಲಿ 0.6 ಮಿಲಿಮೀಟರ್ ಉಳಿಸಿದರೆ, ಪ್ರತಿ ಬದಿಯಲ್ಲೂ ಸುಮಾರು 5 ಡಿಗ್ರಿ ಮಾತ್ರ. ಕೈ ಒಂದು ಡಿಗ್ರಿ ಅಲುಗಿದರೂ ಇಳಿಜಾರಿನ ಮೇಲಿನ ಗೆರೆ ಹಲವು ಮಿಲಿಮೀಟರ್ ಸರಿಯುತ್ತದೆ. ಇಲ್ಲಿ ಬೇಕಾದದ್ದು ಚಪ್ಪಟೆ ಆಸರೆ ಮತ್ತು ಹತೋಟಿಗೆ ಬರುವ ವೇಗ.

ಮೂರನೆಯದು ನುಣುಪು. ಒರಟು ತರಿ ಬಿಟ್ಟ ಗೀರುಗಳನ್ನು ಅಳಿಸುವುದು, ಹಿಡಿಯ ಮರಕ್ಕೆ ಆಕಾರ ಕೊಡುವುದು. ಬೇಕಿರುವುದು ಕಡಿಮೆ ವೇಗ, ಮೃದುವಾದ ಬೆನ್ನಿನ ಬೆಲ್ಟ್, ಕೊನೆಗೆ ಕೈ ಮತ್ತು ಕಾಗದ.

ಈ ಮೂರರಲ್ಲಿ ಯಾವುದಕ್ಕೆ ಯಂತ್ರ ಕೊಳ್ಳುತ್ತಿದ್ದೇನೆ ಎಂದು ನಿರ್ಧರಿಸದೆ ಕೊಂಡರೆ, ಮೊದಲ ಕೆಲಸಕ್ಕೆ ಹೇಳಿ ಮಾಡಿಸಿದ ಯಂತ್ರದಲ್ಲಿ ಎರಡನೆಯದನ್ನು ಮಾಡಲು ಹೋಗಿ ಅಲಗು ಹಾಳಾಗುತ್ತದೆ.

ತರಿಯ ಸಂಖ್ಯೆ ಏನು ಹೇಳುತ್ತದೆ

ಬೆಲ್ಟ್ ಅಥವಾ ಕಾಗದದ ಹಿಂಭಾಗದಲ್ಲಿ ಪಿ36, ಪಿ120, ಪಿ400 ಎಂದು ಅಚ್ಚಾಗಿರುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಹರಳು ಸಣ್ಣದು. ಪಿ36ರಲ್ಲಿ ಹರಳಿನ ಸರಾಸರಿ ಗಾತ್ರ ಅರ್ಧ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಪಿ120ರಲ್ಲಿ ಸುಮಾರು 125 ಮೈಕ್ರಾನ್, ಪಿ400ರಲ್ಲಿ ಸುಮಾರು 35 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು.

ಸಂಖ್ಯೆಯ ಮುಂದಿನ ‘ಪಿ’ ಅಕ್ಷರವನ್ನು ಗಮನಿಸಿ. ಅದು ಯುರೋಪಿನ ಅಳತೆ. ಅಮೆರಿಕದ ಹಳೆಯ ಅಳತೆಯಲ್ಲಿ ‘ಪಿ’ ಇರುವುದಿಲ್ಲ. ಒರಟು ತರಿಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಆದರೆ 220 ದಾಟಿದ ಮೇಲೆ ದಾರಿ ಬೇರೆಯಾಗುತ್ತದೆ. ‘ಪಿ’ ಇಲ್ಲದ 400 ಎಂದರೆ ಸುಮಾರು 23 ಮೈಕ್ರಾನ್, ಅಂದರೆ ಪಿ400ಕ್ಕಿಂತ ಎಷ್ಟೋ ನಯ. ಎರಡು ಅಳತೆಯ ಕಾಗದಗಳನ್ನು ಬೆರೆಸಿ ಬಳಸುವವರು ‘ಎಷ್ಟು ಉಜ್ಜಿದರೂ ಗೀರು ಹೋಗುತ್ತಿಲ್ಲ’ ಎಂದು ಗೊಣಗುವುದಕ್ಕೆ ಅರ್ಧ ಕಾರಣ ಇದೇ. ಕೆಲವು ನುಣುಪು ಬೆಲ್ಟುಗಳ ಮೇಲೆ ಎ65, ಎ45, ಎ30 ಎಂದಿರುತ್ತದೆ. ಇವುಗಳಲ್ಲಿ ಹರಳುಗಳನ್ನು ಪುಟ್ಟ ಗೋಪುರಗಳ ಆಕಾರದಲ್ಲಿ ಜೋಡಿಸಿರುತ್ತಾರೆ. ಸಂಖ್ಯೆ ಹರಳಿನ ಮೈಕ್ರಾನ್ ಗಾತ್ರಕ್ಕೆ ಹತ್ತಿರವಾಗಿರುತ್ತದೆ. ಇಲ್ಲಿ ಲೆಕ್ಕ ತಿರುಗುಮುರುಗು: ಸಂಖ್ಯೆ ಇಳಿದಷ್ಟೂ ನಯ. ಎ45 ಸುಮಾರು ಪಿ400ಕ್ಕೆ ಸಮ.

ಉಜ್ಜುವುದನ್ನು ಹೊಲ ಉಳುವುದಕ್ಕೆ ಹೋಲಿಸಬಹುದು. ಪ್ರತಿ ಹರಳೂ ಒಂದು ನೇಗಿಲು, ಪ್ರತಿ ಗೀರೂ ಒಂದು ಸಾಲು. ಮುಂದಿನ ತರಿಯ ಕೆಲಸ ಹಿಂದಿನ ಸಾಲಿನ ತಳ ಮುಟ್ಟುವವರೆಗೆ ಮೈಯನ್ನು ಇಳಿಸುವುದು. ಪಿ36 ಬಿಟ್ಟ ಆಳದ ಸಾಲನ್ನು ಪಿ220ರಿಂದ ಅಳಿಸಲು ಹೊರಟರೆ ಅದು ಚಮಚದಲ್ಲಿ ಬಾವಿ ತೋಡಿದ ಹಾಗೆ. ಹಾಗಾಗಿ ಒಂದು ತರಿಯಿಂದ ಇನ್ನೊಂದಕ್ಕೆ ಹೋಗುವಾಗ ಸಂಖ್ಯೆ ಎರಡು ಪಟ್ಟಿನ ಒಳಗೇ ಏರಲಿ: 36, 60, 120, 220, 320, 400. ನೇಗಿಲಿನ ಹೋಲಿಕೆ ಇನ್ನೊಂದು ಉಪಾಯವನ್ನೂ ಕೊಡುತ್ತದೆ. ಪ್ರತಿ ಹೊಸ ತರಿಯನ್ನು ಹಿಂದಿನದಕ್ಕೆ ಅಡ್ಡವಾಗಿ ಉಜ್ಜಿದರೆ ಉಳಿದುಕೊಂಡ ಹಳೆಯ ಗೀರು ತಟ್ಟನೆ ಕಣ್ಣಿಗೆ ಬೀಳುತ್ತದೆ. ಅಡ್ಡಗೀರುಗಳೆಲ್ಲ ಮಾಯವಾದ ಮೇಲೆ ಮಾತ್ರ ಮುಂದಿನ ತರಿ.

ಹರಳಿನ ಜಾತಿ

ಅಲ್ಯೂಮಿನಿಯಂ ಆಕ್ಸೈಡ್ ಎಲ್ಲ ಕಡೆ ಸಿಗುವ ಹರಳು. ಹಿಡಿಯ ಮರ, ಹದ ಹಾಕದ, ಅಂದರೆ ಕಾಯಿಸಿ ಅದ್ದಿ ಗಡಸು ಮಾಡದ ಮೆತ್ತನೆಯ ಉಕ್ಕು, ನುಣುಪಿನ ಹಂತ ಇವಕ್ಕೆಲ್ಲ ಸಾಕು. ಗಟ್ಟಿ ಉಕ್ಕಿನ ಮೇಲೆ ಇದರ ತುದಿಗಳು ಬೇಗ ದುಂಡಗಾಗುತ್ತವೆ. ಜಿರ್ಕೋನಿಯಾ ಅದಕ್ಕಿಂತ ಗಟ್ಟಿಮುಟ್ಟು. ಸಿರಾಮಿಕ್ ಹರಳು ಒರಟು ಕೆಲಸಕ್ಕೆ ಎಲ್ಲಕ್ಕಿಂತ ಮೇಲು. ಒತ್ತಡ ಬಿದ್ದಾಗ ಅದು ಚೂರು ಚೂರಾಗಿ ಮುರಿದು ಪ್ರತಿ ಸಲ ಹೊಸ ಚೂಪು ತುದಿ ತೆರೆಯುತ್ತದೆ, ಹಾವು ಪೊರೆ ಬಿಟ್ಟಂತೆ.

ಆದರೆ ಇದರಲ್ಲೇ ಒಂದು ಬಲೆಯಿದೆ. ಸಿರಾಮಿಕ್ ಬೆಲ್ಟಿಗೆ ಒತ್ತಡವೂ ವೇಗವೂ ಬೇಕು. ಕಡಿಮೆ ಶಕ್ತಿಯ ಸಣ್ಣ ಯಂತ್ರದಲ್ಲಿ ಬೆಲ್ಟ್ ನಿಂತುಬಿಡುತ್ತದೆಂಬ ಭಯಕ್ಕೆ ಹಗುರವಾಗಿ ಒತ್ತಿದರೆ ಹರಳು ಮುರಿಯುವುದಿಲ್ಲ. ತುದಿ ಸವೆದು ಬೆಲ್ಟ್ ಗಾಜಿನಂತೆ ಹೊಳೆಯತೊಡಗುತ್ತದೆ. ಹೊಳೆಯುವ ಬೆಲ್ಟ್ ಕಡಿಯುವುದಿಲ್ಲ, ಬರೀ ತಿಕ್ಕಿ ಬಿಸಿ ಮಾಡುತ್ತದೆ. ದುಬಾರಿ ಬೆಲ್ಟ್ ಕೊಂಡೂ ಪ್ರಯೋಜನ ಕಾಣಲಿಲ್ಲ ಎನ್ನುವವರ ಯಂತ್ರದ ಮೋಟರ್ ಎಷ್ಟು ದೊಡ್ಡದೆಂದು ಮೊದಲು ಕೇಳಬೇಕು.

ನಾಲ್ಕನೆಯದು ಸಿಲಿಕಾನ್ ಕಾರ್ಬೈಡ್: ತುಂಬ ಗಟ್ಟಿ, ಆದರೆ ಪೆಡಸು. ನೀರಿಗೆ ಹೆದರದ ಕಪ್ಪು ಕಾಗದವಾಗಿ ಕೈಯುಜ್ಜುವಿಕೆಗೆ ಇದೇ ಬಳಕೆ.

ವೇಗದ ಲೆಕ್ಕ

ಯಂತ್ರದ ಮೇಲೆ ಬರೆದಿರುವುದು ನಿಮಿಷಕ್ಕೆ ಎಷ್ಟು ಸುತ್ತು ಎಂದು. ಹರಳಿಗೆ ಅದು ಗೊತ್ತಿಲ್ಲ. ಹರಳು ಉಕ್ಕಿನ ಮೇಲೆ ಸೆಕೆಂಡಿಗೆ ಎಷ್ಟು ಮೀಟರ್ ಓಡುತ್ತದೆ ಎಂಬುದೇ ಮುಖ್ಯ. ಸೈಕಲ್ಲಿನ ಹಾಗೆ: ಪೆಡಲು ಅದೇ ಲಯದಲ್ಲಿ ತಿರುಗಿದರೂ ದೊಡ್ಡ ಚಕ್ರದ ಸೈಕಲ್ ಮುಂದೆ ಹೋಗುತ್ತದೆ. ಬೆಲ್ಟ್ ಓಡಿಸುವ ಚಕ್ರದ ವ್ಯಾಸವನ್ನು ಮೀಟರಿನಲ್ಲಿ ಬರೆದು 3.14ರಿಂದ ಗುಣಿಸಿ, ಬಂದದ್ದನ್ನು ನಿಮಿಷದ ಸುತ್ತುಗಳಿಂದ ಗುಣಿಸಿ, 60ರಿಂದ ಭಾಗಿಸಿ. 150 ಮಿಲಿಮೀಟರ್ ಚಕ್ರ ನಿಮಿಷಕ್ಕೆ 1440 ಸುತ್ತು ತಿರುಗಿದರೆ ಬೆಲ್ಟಿನ ವೇಗ ಸೆಕೆಂಡಿಗೆ ಸುಮಾರು 11 ಮೀಟರ್. ಅದೇ ಚಕ್ರ 2850 ಸುತ್ತಿನಲ್ಲಿ 22 ಮೀಟರ್. 100 ಮಿಲಿಮೀಟರ್ ಚಕ್ರವಾದರೆ 1440 ಸುತ್ತಿಗೆ ಏಳೂವರೆ ಮೀಟರ್ ಮಾತ್ರ.

ಒರಟು ಸಿರಾಮಿಕ್ ಬೆಲ್ಟ್ ಚೆನ್ನಾಗಿ ಕಡಿಯಲು ಸೆಕೆಂಡಿಗೆ 20ರಿಂದ 25 ಮೀಟರ್ ಬೇಕು. ಇಳಿಜಾರನ್ನು ತಿದ್ದುವಾಗ ಅದರ ಅರ್ಧ ಸಾಕು. ಹದ ಹಾಕಿದ ತೆಳು ಅಲಗು, ನುಣುಪು ಬೆಲ್ಟ್, ಹಿಡಿಯ ಮರ ಇವಕ್ಕೆ 5ರಿಂದ 8 ಮೀಟರ್. ಹೆಚ್ಚು ವೇಗದಲ್ಲಿ ಮರ ಸುಟ್ಟು ಕಪ್ಪಾಗುತ್ತದೆ, ನಯ ಬೆಲ್ಟ್ ಬೇಗ ಸಾಯುತ್ತದೆ. ಒಂದೇ ವೇಗದ ಯಂತ್ರ ಈ ಮೂರರಲ್ಲಿ ಒಂದಕ್ಕೆ ಮಾತ್ರ ಸರಿಹೊಂದುತ್ತದೆ. ವೇಗ ಬದಲಿಸುವ ಸೌಲಭ್ಯ ಐಷಾರಾಮವಲ್ಲ ಎನ್ನುವುದಕ್ಕೆ ಇಷ್ಟೇ ಕಾರಣ.

ಬಿಸಿ: ಕಣ್ಣಿಗೆ ಕಾಣುವ ಮೊದಲೇ ಆಗುವ ನಷ್ಟ

ಅಲಗನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದಾಗ ಉಕ್ಕು ಗಾಜಿನಷ್ಟು ಪೆಡಸಾಗುತ್ತದೆ. ಆಮೇಲೆ ಅದನ್ನು ಮತ್ತೆ ಹದವಾಗಿ ಕಾಯಿಸಿ ಪೆಡಸುತನ ತೆಗೆಯುತ್ತಾರೆ. ಸಾದಾ ಕಾರ್ಬನ್ ಉಕ್ಕಿಗೆ ಈ ಎರಡನೆಯ ಕಾವು ಸುಮಾರು 200 ಡಿಗ್ರಿ ಸೆಲ್ಸಿಯಸ್. ಇದಾದ ಮೇಲೆ ಉಜ್ಜುವಾಗ ಯಾವುದೇ ಭಾಗ ಆ ಕಾವನ್ನು ದಾಟಿದರೆ ಅಲ್ಲಿ ಉಕ್ಕು ಮೆತ್ತಗಾಗುತ್ತದೆ. ಉಕ್ಕಿನ ಮೈಮೇಲೆ ಮೂಡುವ ಬಣ್ಣವೇ ಸಾಕ್ಷಿ: ತಿಳಿಹಳದಿ ಸುಮಾರು 205 ಡಿಗ್ರಿ, ಕಂದು 260ರ ಸುಮಾರು, ನೇರಳೆ 280ರ ಸುಮಾರು, ನೀಲಿ 300ರ ಆಸುಪಾಸು. ಬಾಯಿಯಲ್ಲಿ ನೀಲಿ ಕಂಡರೆ ಹದ ಹೋಯಿತೆಂದೇ ಅರ್ಥ. ನೀಲಿಯನ್ನು ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆ, ಗಡಸುತನ ಮರಳುವುದಿಲ್ಲ. ಅಷ್ಟು ಭಾಗವನ್ನೇ ಕಳೆಯಬೇಕು, ಇಲ್ಲವೇ ಮತ್ತೆ ಮೊದಲಿನಿಂದ ಕಾಯಿಸಿ ಅದ್ದಬೇಕು.

ತೆಳುವಾದ ಬಾಯಿ ಮತ್ತು ಮೊನೆ ಮೊದಲು ಕಾಯುತ್ತವೆ. ಬಿಸಿ ಹರಿದುಹೋಗಲು ಅಲ್ಲಿ ಲೋಹವೇ ಇರುವುದಿಲ್ಲ. ಬೆನ್ನು ಹಿಡಿದ ಬೆರಳಿಗೆ ಬೆಚ್ಚಗೂ ಆಗದಿರುವಾಗ ಮೊನೆ ನೀಲಿಯಾಗಿರಬಹುದು. ಹಾಗಾಗಿ ಬೆರಳುಗಳು ಬಾಯಿಯ ಹತ್ತಿರದಲ್ಲೇ, ಆದರೆ ಎದುರು ಬದಿಯಲ್ಲಿ ಇರಲಿ. ಪ್ರತಿ ಸಲ ಅಲಗನ್ನು ಬೆಲ್ಟಿಗೆ ತಾಗಿಸುವ ಮುನ್ನ ನೀರಿನಲ್ಲಿ ಅದ್ದಿ, ಒರೆಸದೆ ಉಜ್ಜಿ. ಮೇಲೆ ನಿಂತ ನೀರಿನ ಪೊರೆ ಬಾಯಿಯ ಹತ್ತಿರ ಕುದಿಯತೊಡಗಿದರೆ ಅಲ್ಲಿ 100 ಡಿಗ್ರಿ ಆಯಿತೆಂದು ತಿಳಿಯಿರಿ. ಇನ್ನೂ ಅಪಾಯವಾಗಿಲ್ಲ, ಆದರೆ ತಕ್ಷಣ ಎತ್ತಿ ಮತ್ತೆ ಅದ್ದಬೇಕು. ನೀರಿಗಿಂತ ಒಳ್ಳೆಯ ಉಷ್ಣಮಾಪಕ ಈ ಕೆಲಸಕ್ಕೆ ಇಲ್ಲ.

ಇದೇ ಕಾರಣಕ್ಕೆ ಹೆಚ್ಚಿನ ಉಕ್ಕನ್ನು ಅದ್ದುವ ಮೊದಲೇ ತೆಗೆಯುವುದು ರೂಢಿ. ಆಗ ಬಿಸಿಯಾದರೂ ಹಾನಿಯಿಲ್ಲ. ಬಾಯಿಯಲ್ಲಿ ಅರ್ಧದಿಂದ ಒಂದು ಮಿಲಿಮೀಟರ್ ಉಳಿಸಬೇಕು. ಅದಕ್ಕಿಂತ ತೆಳುವಾದರೆ ಎಣ್ಣೆಗೆ ಅದ್ದಿದಾಗ ಅಲಗು ಬಾಗುವ, ಸೀಳುವ ಸಂಭವ ಹೆಚ್ಚು. ಕೊನೆಯ ಉಜ್ಜುವಿಕೆಯನ್ನು ಹೊಸ ಬೆಲ್ಟಿನಲ್ಲೇ ಮಾಡಿ. ಬಿಸಿಗೆ ಮುಖ್ಯ ಕಾರಣ ವೇಗಕ್ಕಿಂತಲೂ ಸವೆದ ಬೆಲ್ಟ್.

ಅರ ಮತ್ತು ಕಾಗದ

ವಿದ್ಯುತ್ತೇ ಇಲ್ಲದೆ ಒಳ್ಳೆಯ ಚಾಕು ಮಾಡಬಹುದು. 250 ಅಥವಾ 300 ಮಿಲಿಮೀಟರಿನ ಒಂದು ಒರಟು ಚಪ್ಪಟೆ ಅರ, 200 ಮಿಲಿಮೀಟರಿನ ಒಂದು ನಯ ಅರ, ಬಾಗಿದ ಜಾಗಗಳಿಗೆ ಒಂದು ಅರ್ಧಗುಂಡು ಅರ ಇದ್ದರೆ ಸಾಕು. ಅರ ಕಡಿಯುವುದು ಮುಂದೆ ತಳ್ಳುವಾಗ ಮಾತ್ರ. ಹಿಂದೆಳೆಯುವಾಗಲೂ ಒತ್ತಿದರೆ ಹಲ್ಲು ಮೊಂಡಾಗುತ್ತದೆ. ಹಲ್ಲುಗಳ ನಡುವೆ ಉಕ್ಕಿನ ಚೂರು ಸಿಕ್ಕಿಕೊಂಡರೆ ಅದು ಅಲಗಿನ ಮೇಲೆ ಆಳದ ಗೀರು ಎಳೆಯುತ್ತದೆ. ಮೊದಲೇ ಅರಕ್ಕೆ ಸೀಮೆಸುಣ್ಣ ಸವರಿ, ಆಗಾಗ ತಂತಿ ಬ್ರಷ್ಷಿನಿಂದ ತಿಕ್ಕಿದರೆ ಇದು ತಪ್ಪುತ್ತದೆ. ಹದ ಹಾಕಿದ ಉಕ್ಕಿನ ಮೇಲೆ ಅರ ಜಾರುತ್ತದೆ, ಕಚ್ಚುವುದಿಲ್ಲ. ಅರದ ಕೆಲಸವೆಲ್ಲ ಅದ್ದುವ ಮೊದಲು ಮುಗಿಯಬೇಕು.

ಕೋನ ಕಾಯಲು ಸರಳ ಕಟ್ಟೊಂದನ್ನು ಮಾಡಿಕೊಳ್ಳಬಹುದು. ಅರಕ್ಕೆ ಒಂದು ಉದ್ದ ಸರಳು ಬಿಗಿದು, ಆ ಸರಳು ಎತ್ತರ ಬದಲಿಸಬಹುದಾದ ಒಂದು ಬಳೆಯೊಳಗೆ ಹಾದುಹೋಗುವಂತೆ ಮಾಡುವುದು. ಅಲಗಿನಿಂದ ಬಳೆ 300 ಮಿಲಿಮೀಟರ್ ದೂರದಲ್ಲಿದ್ದರೆ, 5 ಡಿಗ್ರಿ ಕೋನಕ್ಕೆ ಬಳೆ ಅಲಗಿನ ಮಟ್ಟಕ್ಕಿಂತ 26 ಮಿಲಿಮೀಟರ್ ಎತ್ತರದಲ್ಲಿರಬೇಕು. ಎರಡೂ ಬದಿ ತಾನಾಗಿ ಒಂದೇ ಕೋನಕ್ಕೆ ಬರುತ್ತವೆ. ನಿಧಾನ, ನಿಜ. ಆದರೆ ಅರದಲ್ಲಿ ತಪ್ಪು ಕೂಡ ನಿಧಾನವಾಗಿಯೇ ಆಗುತ್ತದೆ, ತಿದ್ದಲು ಸಮಯ ಸಿಗುತ್ತದೆ. ಒರಟು ಬೆಲ್ಟ್ ಮೂರು ಸೆಕೆಂಡಿನಲ್ಲಿ ಮಾಡಿದ ತಪ್ಪನ್ನು ತಿದ್ದಲು ಬೇರೆ ಪಟ್ಟಿಯೇ ಬೇಕಾಗಬಹುದು.

ಆಂಗಲ್ ಗ್ರೈಂಡರ್, ಕಲ್ಲಿನ ಗ್ರೈಂಡರ್

ಆಂಗಲ್ ಗ್ರೈಂಡರ್ ಒರಟು ಆಕಾರ ಕತ್ತರಿಸುವುದರಲ್ಲಿ ನಿಸ್ಸೀಮ. 1 ಮಿಲಿಮೀಟರ್ ದಪ್ಪದ ಕತ್ತರಿಸುವ ಡಿಸ್ಕ್, 40 ಮತ್ತು 60 ತರಿಯ ಫ್ಲ್ಯಾಪ್ ಡಿಸ್ಕ್ (ಉಜ್ಜುವ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಡಿಸ್ಕ್) ಇದ್ದರೆ ಪಟ್ಟಿಯಿಂದ ಚಾಕುವಿನ ಆಕಾರ ಹೊರಬರುತ್ತದೆ. 125 ಮಿಲಿಮೀಟರ್ ಡಿಸ್ಕ್ ನಿಮಿಷಕ್ಕೆ 11,000 ಸುತ್ತಿನಲ್ಲಿ ತಿರುಗಿದರೆ ಅದರ ಅಂಚು ಸೆಕೆಂಡಿಗೆ 72 ಮೀಟರ್ ಓಡುತ್ತದೆ. ಒರಟು ಬೆಲ್ಟಿನ ವೇಗಕ್ಕೆ ಮೂರು ಪಟ್ಟು. ಹಾಗಾಗಿ ಡಿಸ್ಕಿನ ಮೇಲೆ ಬರೆದ ಗರಿಷ್ಠ ಸುತ್ತು ಯಂತ್ರದ ಸುತ್ತಿಗಿಂತ ಕಡಿಮೆ ಇರಕೂಡದು. ಅದರ ಮೇಲೆ ಅಚ್ಚಾದ ಅವಧಿ ತಿಂಗಳು ದಾಟಿರಬಾರದು; ಅಂಟು ಕಾಲಕ್ರಮೇಣ ದುರ್ಬಲವಾಗುತ್ತದೆ. ಕತ್ತರಿಸುವ ಡಿಸ್ಕಿನ ಮಗ್ಗುಲಿನಿಂದ ಎಂದೂ ಉಜ್ಜಬೇಡಿ, ಅದು ಅಡ್ಡ ಒತ್ತಡ ತಡೆಯದೆ ಸಿಡಿಯುತ್ತದೆ. ಗಾರ್ಡ್ ಬಿಚ್ಚುವುದು, ಅಲಗನ್ನು ಒಂದು ಕೈಯಲ್ಲಿ ಯಂತ್ರವನ್ನು ಇನ್ನೊಂದರಲ್ಲಿ ಹಿಡಿಯುವುದು ಎರಡೂ ಬೇಡ. ಇದರಲ್ಲಿ ಇಳಿಜಾರು ತೆಗೆಯಲು ಸಾಧ್ಯ, ಆದರೆ ಚಪ್ಪಟೆ ಆಸರೆಯಿಲ್ಲದ ಕಾರಣ ಮೈ ಅಲೆ ಅಲೆಯಾಗುತ್ತದೆ. ಒರಟಾಗಿ ತೆಗೆದು ಅರಕ್ಕೆ ಒಪ್ಪಿಸುವುದು ಜಾಣತನ.

ಎರಡು ಕಲ್ಲಿನ ಬೆಂಚ್ ಗ್ರೈಂಡರನ್ನು ಚಾಕುವಿನ ಯಂತ್ರವೆಂದು ಹೊಸಬರು ಮೊದಲು ಕೊಳ್ಳುತ್ತಾರೆ. ಡ್ರಿಲ್ ಬಿಟ್, ಉಳಿ ಮಸೆಯಲು ಅದು ಬೇಕೇ ಬೇಕು. ಅಲಗಿಗೆ ಅಷ್ಟಾಗಿ ಹೊಂದುವುದಿಲ್ಲ: 150 ಮಿಲಿಮೀಟರಿನ ಕಲ್ಲು 20 ಮಿಲಿಮೀಟರ್ ಎತ್ತರದ ಇಳಿಜಾರಿನ ನಡುವೆ ಸುಮಾರು 0.67 ಮಿಲಿಮೀಟರ್ ಆಳದ ಗುಳಿ ಮಾಡುತ್ತದೆ, ಎರಡೂ ಬದಿ ಸೇರಿದರೆ 1.3. ತೆಳು ಅಲಗಿನಲ್ಲಿ ಅದು ದೊಡ್ಡ ಪಾಲು. ಕಲ್ಲಿನ ಮೇಲೆ ಅಲ್ಯೂಮಿನಿಯಂ, ಹಿತ್ತಾಳೆಯಂಥ ಮೆತ್ತನೆಯ ಲೋಹ ಉಜ್ಜಕೂಡದು. ಅದು ಕಲ್ಲಿನ ರಂಧ್ರ ತುಂಬಿ, ಕಲ್ಲು ಕಾದು ಒಡೆಯಬಹುದು. ಹೊಸ ಕಲ್ಲನ್ನು ಕೂರಿಸುವ ಮುನ್ನ ಬೆರಳಿಗೆ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ: ಗಂಟೆಯಂಥ ನಾದ ಬಂದರೆ ಸರಿ, ಮಂಕಾದ ಸದ್ದಾದರೆ ಬಿರುಕಿದೆ. ಆಸರೆ ತಟ್ಟೆಗೂ ಕಲ್ಲಿಗೂ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಬಿಡಬೇಡಿ, ಅಲಗು ಅಲ್ಲಿ ಒಳಸೇರಿ ಸಿಕ್ಕಿಬೀಳುತ್ತದೆ.

ಬೆಲ್ಟ್ ಗ್ರೈಂಡರ್: ಅಳತೆ ಏನು ಹೇಳುತ್ತದೆ

ಬೆಲ್ಟ್ ಗ್ರೈಂಡರುಗಳನ್ನು ಬೆಲ್ಟಿನ ಅಗಲ ಮತ್ತು ಸುತ್ತಳತೆಯಿಂದ ಗುರುತಿಸುತ್ತಾರೆ, ಸಾಮಾನ್ಯವಾಗಿ ಇಂಚಿನಲ್ಲಿ. 1×30 ಎಂದರೆ 25 ಮಿಲಿಮೀಟರ್ ಅಗಲ, 762 ಮಿಲಿಮೀಟರ್ ಉದ್ದ. ಇದು ಮೇಜಿನ ಮೇಲೆ ಕೂರುವ ಪುಟ್ಟ ಯಂತ್ರ. ಮೋಟರ್ ಚಿಕ್ಕದು, ಸ್ವಲ್ಪ ಗಟ್ಟಿಯಾಗಿ ಒತ್ತಿದರೆ ನಿಲ್ಲುತ್ತದೆ. ಸಿರಾಮಿಕ್ ಬೆಲ್ಟಿನ ಬಲೆಗೆ ಬೀಳುವುದು ಇಲ್ಲೇ. ಮಸೆಯಲು, ಹಿಡಿಯ ಸಣ್ಣ ತಿದ್ದುಪಡಿಗೆ, ಕಿರಿಯ ಚಾಕುಗಳಿಗೆ ಒಳ್ಳೆಯದು. ದೊಡ್ಡ ಯಂತ್ರ ಬಂದ ಮೇಲೂ ಮೂಲೆಯಲ್ಲಿ ಉಪಯೋಗಕ್ಕೆ ಬರುತ್ತದೆ. 4×36 ಮರಗೆಲಸದ ಯಂತ್ರ. ಅಗಲ ಬೆಲ್ಟ್ ಹಿಡಿಯ ತುಂಡುಗಳನ್ನು ಚಪ್ಪಟೆ ಮಾಡಲು ಚೆನ್ನ. ಚಾಕುವಿನ ಇಳಿಜಾರಿಗೆ ಅದರ ಅಗಲವೇ ಅಡ್ಡಿ.

2×48 ನಡುದಾರಿ. ಜಾಗ ಕಡಿಮೆ, ಶಕ್ತಿ ಸಾಕಷ್ಟು. ಆದರೆ 2×72, ಅಂದರೆ 51 ಮಿಲಿಮೀಟರ್ ಅಗಲ, 1829 ಮಿಲಿಮೀಟರ್ ಉದ್ದದ ಬೆಲ್ಟ್, ಚಾಕು ತಯಾರಕರ ನಡುವೆ ಮಾನದಂಡವೇ ಆಗಿಬಿಟ್ಟಿದೆ. ಉದ್ದ ಬೆಲ್ಟಿನಲ್ಲಿ ಪ್ರತಿ ಹರಳೂ ಉಕ್ಕಿಗೆ ತಾಗಿ ಮತ್ತೆ ಬರುವ ಹೊತ್ತಿಗೆ ಸ್ವಲ್ಪ ತಣಿದಿರುತ್ತದೆ, ಬೆಲ್ಟ್ ಹೆಚ್ಚು ಕಾಲ ಬಾಳುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ: ಒಳ್ಳೆಯ ಬೆಲ್ಟುಗಳ ಎಲ್ಲ ಜಾತಿ, ಎಲ್ಲ ತರಿ ಈ ಅಳತೆಯಲ್ಲಿ ಸುಲಭವಾಗಿ ಸಿಗುತ್ತವೆ. ಯಂತ್ರ ಕೊಳ್ಳುವ ಮೊದಲು ಅದರ ಅಳತೆಯಲ್ಲಿ 36 ತರಿಯ ಸಿರಾಮಿಕ್, 120, ತೆಳು ಬೆನ್ನಿನ 220 ಮತ್ತು 400 ಸಿಗುತ್ತವೆಯೇ ನೋಡಿ. ಸಿಗದಿದ್ದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬೇಡ.

2×72 ಕೊಳ್ಳುವಾಗ ಏನು ನೋಡಬೇಕು

ಪ್ಲೇಟನ್ ಎಂಬುದು ಬೆಲ್ಟಿನ ಹಿಂದಿರುವ ಚಪ್ಪಟೆ ಉಕ್ಕಿನ ಹಲಗೆ. ನಿಮ್ಮ ಇಳಿಜಾರು ಇದಕ್ಕಿಂತ ಚಪ್ಪಟೆಯಾಗಿರಲು ಸಾಧ್ಯವಿಲ್ಲ. ನೇರ ಪಟ್ಟಿಯಿಟ್ಟು ಬೆಳಕಿಗೆ ಹಿಡಿದು ನೋಡಿ, ನಡುವೆ ಬೆಳಕು ನುಸುಳಿದರೆ ತಗ್ಗಿದೆ. ಮೆತ್ತನೆಯ ಉಕ್ಕಿನ ಪ್ಲೇಟನ್ ಬೆಲ್ಟಿನ ಉಜ್ಜಿಗೆ ಸವೆಯುವುದು ಸಹಜ; ಅದರ ಮುಖಕ್ಕೆ ಕಾವು ತಡೆಯುವ ಸಿರಾಮಿಕ್ ಗಾಜಿನ ಹಲಗೆ ಅಂಟಿಸಿ, ಕೆಳಗೆ ಜಾರದಂತೆ ಒಂದು ಆಸರೆ ಕೊಟ್ಟರೆ ಬಹುಕಾಲ ಚಪ್ಪಟೆಯಾಗಿ ಉಳಿಯುತ್ತದೆ. ಬೆಲ್ಟನ್ನು ಪ್ಲೇಟನ್ನಿನ ಅಂಚಿನಿಂದ 2–3 ಮಿಲಿಮೀಟರ್ ಹೊರಚಾಚುವಂತೆ ಹೊಂದಿಸಿದರೆ, ಹಿಡಿಯ ಹತ್ತಿರ ಇಳಿಜಾರು ಮುಗಿಯುವ ಜಾಗದಲ್ಲಿ ಚೂಪು ಮೂಲೆಯ ಬದಲು ಮೃದುವಾದ ತಿರುವು ಬರುತ್ತದೆ. ಚೂಪು ಮೂಲೆ ನೋಡಲು ಚೆಂದ, ಆದರೆ ಎಣ್ಣೆಗೆ ಅದ್ದಿದಾಗ ಬಿರುಕು ಹುಟ್ಟುವುದು ಅಂಥ ಮೂಲೆಯಲ್ಲೇ.

ಟ್ರ್ಯಾಕಿಂಗ್ ಚಕ್ರದ ಮೈ ನಡುವೆ ಕೊಂಚ ಉಬ್ಬಿರುತ್ತದೆ. ಬೆಲ್ಟ್ ಸದಾ ಎತ್ತರದ ಜಾಗಕ್ಕೆ ಹತ್ತುವ ಗುಣದ್ದಾದ್ದರಿಂದ ಉಬ್ಬಿನ ಮೇಲೆ ನಿಲ್ಲುತ್ತದೆ. ಚಕ್ರವನ್ನು ವಾಲಿಸುವ ತಿರುಪಿನಿಂದ ಅದನ್ನು ಎಡಕ್ಕೆ ಬಲಕ್ಕೆ ಸರಿಸಬಹುದು. ಈ ತಿರುಪನ್ನು ಎರಡು ಬೆರಳಲ್ಲಿ ತಿರುಗಿಸುವಂತಿರಬೇಕು, ಬಿಟ್ಟಲ್ಲೇ ನಿಲ್ಲಬೇಕು. ಯಂತ್ರವನ್ನು ಪೂರ್ತಿ ವೇಗದಲ್ಲಿ ಓಡಿಸಿ ಬೆಲ್ಟಿನ ಅಂಚು ನೋಡಿ: ಹಾವಿನಂತೆ ಆಡುತ್ತಿದ್ದರೆ ಚಕ್ರಗಳು ಒಂದೇ ನೇರಕ್ಕಿಲ್ಲ. ಬೆಲ್ಟಿನ ಜೋಡಣೆ ಹಾದಾಗಲೆಲ್ಲ ಚಿಕ್ಕ ಟಕ್ ಎನ್ನುವುದು ಬೆಲ್ಟಿನ ದೋಷ, ಯಂತ್ರದ್ದಲ್ಲ.

ಇಡೀ ಮೈ ಗುಳಿಯಾದ ಹಾಲೋ ಇಳಿಜಾರು ಬೇಕೆಂದರೆ 200 ಅಥವಾ 250 ಮಿಲಿಮೀಟರಿನ ರಬ್ಬರ್ ಹೊದಿಸಿದ ಚಕ್ರ ಬೇಕು. 250 ಮಿಲಿಮೀಟರ್ ಚಕ್ರ 20 ಮಿಲಿಮೀಟರ್ ಎತ್ತರಕ್ಕೆ 0.4 ಮಿಲಿಮೀಟರ್ ಗುಳಿ ತೆಗೆಯುತ್ತದೆ. ಬೆರಳು ಕೂರುವ ಬಾಗುಗಳಿಗೆ ಪುಟ್ಟ ಚಕ್ರಗಳು. ಇವೆಲ್ಲ ಮೊದಲ ದಿನವೇ ಬೇಡ. ಚೌಕ ಕೊಳವೆಯೊಳಗೆ ತೋಳು ತೂರಿಸಿ ಬಿಗಿಯುವ ರಚನೆಯ ಯಂತ್ರವಾದರೆ ಮುಂದೆ ಒಂದೊಂದಾಗಿ ಸೇರಿಸಬಹುದು.

ಮೋಟರಿಗೆ ಒಂದು ಒರಟು ಅಂದಾಜು: ಬೆಲ್ಟಿನ ಅಗಲದ ಪ್ರತಿ ಇಂಚಿಗೆ ಸುಮಾರು 1 ಎಚ್‌ಪಿ. 2 ಇಂಚಿಗೆ 1.5ರಿಂದ 2 ಎಚ್‌ಪಿ. ಪೂರ್ತಿ ಮುಚ್ಚಿದ, ಹೊರಗಿನಿಂದ ಫ್ಯಾನ್ ತಂಪು ಮಾಡುವ ಮೋಟರನ್ನೇ ಆರಿಸಿ. ತೆರೆದ ಮೋಟರಿನೊಳಗೆ ಉಕ್ಕಿನ ಪುಡಿ ಸೇರಿ ಸುರುಳಿ ಸುಡುತ್ತದೆ.

ವೇಗ ಬದಲಿಸುವುದು ಹೇಗೆ? ಮೂರು ಫೇಸಿನ ಮೋಟರಿಗೆ ವಿಎಫ್‌ಡಿ ಎಂಬ ಪೆಟ್ಟಿಗೆ ಜೋಡಿಸುತ್ತಾರೆ. ಅದು ವಿದ್ಯುತ್ತಿನ ಆವರ್ತನವನ್ನು, ಅಂದರೆ ಹರ್ಟ್ಜ್ ಅನ್ನು, ಏರಿಳಿಸುತ್ತದೆ. 50 ಹರ್ಟ್ಜ್‌ನಲ್ಲಿ 1440 ಸುತ್ತು ತಿರುಗುವ ಮೋಟರ್ 100 ಹರ್ಟ್ಜ್‌ನಲ್ಲಿ ಎರಡರಷ್ಟು ತಿರುಗುತ್ತದೆ. 150 ಮಿಲಿಮೀಟರ್ ಚಕ್ರದೊಂದಿಗೆ 20 ಹರ್ಟ್ಜ್‌ಗೆ ಸುಮಾರು 4.5 ಮೀಟರಿನಿಂದ 100ಕ್ಕೆ 22 ಮೀಟರಿನವರೆಗೆ ಎಲ್ಲ ವೇಗವೂ ಒಂದೇ ಗುಂಡಿಯಲ್ಲಿ. 50 ದಾಟಿದ ಮೇಲೆ ತಿರುಚುಬಲ ಇಳಿಯುತ್ತಾ ಹೋಗುತ್ತದೆ, ಮತ್ತು ಅಷ್ಟು ಸುತ್ತಿಗೆ ಮೋಟರ್ ತಡೆಯುತ್ತದೆಯೇ ಎಂದು ತಯಾರಕರ ವಿವರದಲ್ಲಿ ನೋಡಿಕೊಳ್ಳಬೇಕು. ತೀರ ಕಡಿಮೆ ವೇಗದಲ್ಲಿ ಬಹಳ ಹೊತ್ತು ಓಡಿಸಿದರೆ ಮೋಟರಿನ ಫ್ಯಾನೂ ನಿಧಾನವಾಗಿ ತಿರುಗಿ ಮೋಟರ್ ಕಾಯುತ್ತದೆ.

ಇಲ್ಲಿ ಅನೇಕರು ಮುಗ್ಗರಿಸುವ ಒಂದು ಕಲ್ಲಿದೆ. ಮನೆಯ ಒಂದೇ ಫೇಸಿನ 230 ವೋಲ್ಟ್ ಪಡೆಯುವ ಸಾಮಾನ್ಯ ವಿಎಫ್‌ಡಿ ಹೊರಗೆ ಕೊಡುವುದೂ ಮೂರು ಫೇಸಿನ 230 ವೋಲ್ಟ್ ಅಷ್ಟೇ. ಮೋಟರಿನ ತಗಡಿನ ಮೇಲೆ 230/400 ಎಂದಿದ್ದರೆ ಅದನ್ನು ಡೆಲ್ಟಾ ಜೋಡಣೆಗೆ ಬದಲಿಸಿ ಬಳಸಬಹುದು (ಡೆಲ್ಟಾ, ಸ್ಟಾರ್ ಎಂಬವು ಮೋಟರಿನ ಮೂರು ಸುರುಳಿಗಳನ್ನು ಜೋಡಿಸುವ ಎರಡು ಬಗೆ). ಒಳಗೇ ಸ್ಟಾರ್ ಕಟ್ಟಿ ಮೂರೇ ತಂತಿ ಹೊರಬಿಟ್ಟ 400 ಅಥವಾ 415 ವೋಲ್ಟಿನ ಮೋಟರ್ ಆದರೆ, ತಿರುಗುತ್ತದೆ, ಆದರೆ ಬಲವಿರುವುದಿಲ್ಲ. ಸ್ವಲ್ಪ ಒತ್ತಿದರೆ ನಿಲ್ಲುತ್ತದೆ. ಕೊಳ್ಳುವ ಮೊದಲು ತಗಡು ಓದಿ, ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಿ. ವಿಎಫ್‌ಡಿಯನ್ನು ಧೂಳು ನುಗ್ಗದ ಪೆಟ್ಟಿಗೆಯದನ್ನೇ ತೆಗೆದುಕೊಳ್ಳಿ. ಉಕ್ಕಿನ ಪುಡಿ ವಿದ್ಯುತ್ತನ್ನು ಹಾಯಿಸುತ್ತದೆ. ತೆರೆದ ಪೆಟ್ಟಿಗೆ ಒಂದು ದಿನ ಒಳಗೇ ಶಾರ್ಟ್ ಆಗುವುದು ಖಚಿತ.

ಬೆಲ್ಟುಗಳ ಮೊದಲ ಗಂಟು

ಒರಟು ತರಿಯೇ ಹೆಚ್ಚು ಖರ್ಚಾಗುವುದು. 36 ಅಥವಾ 60ರ ಸಿರಾಮಿಕ್ ಹೆಚ್ಚು, 120 ಅದರ ಅರ್ಧ, 220 ಮತ್ತು 400 ಕೆಲವು. ಬೆನ್ನಿನ ಬಟ್ಟೆಯೂ ಮುಖ್ಯ: ‘ವೈ’ ಮತ್ತು ‘ಎಕ್ಸ್’ ಗುರುತಿನವು ಬಿರುಸು, ಚಪ್ಪಟೆ ಮೈಗೆ. ‘ಜೆ’ ಗುರುತಿನದು ಬಟ್ಟೆಯಂತೆ ಬಾಗುತ್ತದೆ, ಹಿಡಿಯ ಗುಂಡು ಮೈಗೆ. ಬೆಲ್ಟಿನೊಳಗೆ ಬಾಣದ ಗುರುತಿದ್ದರೆ ಅದೇ ದಿಕ್ಕಿಗೆ ಓಡಿಸಿ, ಇಲ್ಲದಿದ್ದರೆ ಜೋಡಣೆ ಕಿತ್ತು ಬರಬಹುದು. ಮೊಳೆಗೆ ತೂಗುಹಾಕಿದರೆ ಬೆಲ್ಟಿನಲ್ಲಿ ಮಡಿಕೆ ನಿಲ್ಲುತ್ತದೆ; ದಪ್ಪ ಕೊಳವೆಯ ಮೇಲೆ, ತೇವವಿಲ್ಲದ ಕಡೆ ತೂಗಿ.

ಮೊಂಡಾದ ಒರಟು ಬೆಲ್ಟನ್ನು ಎಸೆಯಬೇಡಿ, ಆದರೆ ಅಲಗಿಗೂ ಹಚ್ಚಬೇಡಿ. ಹೊಸ ಪಟ್ಟಿಯ ಮೇಲಿನ ಕಪ್ಪು ಹೊಪ್ಪಳೆ ತೆಗೆಯಲು ಅದು ಸಾಕು. ಗಟ್ಟಿಯಾದ ಆ ಹೊಪ್ಪಳೆ ಹೊಸ ಬೆಲ್ಟಿನ ತುದಿಗಳನ್ನೇ ಮುರಿಯುತ್ತದೆ.

ಇಳಿಜಾರಿಗೆ ಮೊದಲು ಬಾಯಿಯ ನಡುಗೆರೆ ಎಳೆಯಬೇಕು. ಪಟ್ಟಿಯ ದಪ್ಪಕ್ಕೆ ಸಮನಾದ ಡ್ರಿಲ್ ಬಿಟ್ ತೆಗೆದುಕೊಂಡು, ಪಟ್ಟಿಯನ್ನೂ ಬಿಟ್ಟನ್ನೂ ಒಂದೇ ಸಮತಟ್ಟು ಹಲಗೆಯ ಮೇಲೆ ಮಲಗಿಸಿ, ಬಿಟ್ಟಿನ ಮೊನೆಯಿಂದ ಬಾಯಿಯ ಉದ್ದಕ್ಕೂ ಗೀಚಿ. ಮೊನೆ ಸರಿಯಾಗಿ ದಪ್ಪದ ನಡುವೆಯೇ ಬರುತ್ತದೆ. ಮಾರ್ಕರ್ ಬಳಿದು ಗೀಚಿದರೆ ಗೆರೆ ಕಿಡಿಗಳ ನಡುವೆಯೂ ಕಾಣುತ್ತದೆ.

ಕೈಯುಜ್ಜುವಿಕೆ

ಬೆಲ್ಟಿನ ಗೀರುಗಳು ಬೆನ್ನಿನಿಂದ ಬಾಯಿಗೆ ಅಡ್ಡವಾಗಿ ಬೀಳುತ್ತವೆ. ಅವನ್ನು ಅಳಿಸಲು ಅಲಗನ್ನು ಅದರ ಅಗಲದಷ್ಟೇ ಇರುವ ಹಲಗೆಗೆ ಬಿಗಿದು, ಬಾಯಿ ಹಲಗೆಯಿಂದ ಹೊರಚಾಚದಂತೆ ನೋಡಿಕೊಳ್ಳಿ. ಕಾಗದವನ್ನು ಉಕ್ಕಿನ ಅಥವಾ ಗಟ್ಟಿಮರದ ಪಟ್ಟಿಗೆ ಸುತ್ತಿ ಹಿಡಿಯಿರಿ. ಬೆರಳಿನಿಂದ ಒತ್ತಿದರೆ ಮೆತ್ತನೆಯ ಜಾಗದಲ್ಲಿ ತಗ್ಗು ಬಿದ್ದು, ಇಳಿಜಾರಿನ ಗೆರೆಗಳು ಮಸುಕಾಗುತ್ತವೆ. ಎರಡು ಹನಿ ಎಣ್ಣೆ, ಇಲ್ಲವೇ ಸಾಬೂನು ನೀರು ಹಾಕಿದರೆ ಪುಡಿ ತೇಲಿಹೋಗಿ ಕಾಗದ ಮುಚ್ಚಿಕೊಳ್ಳುವುದಿಲ್ಲ. ಕಾಗದ ಬೇಗ ಸೋಲುತ್ತದೆ. ಸೋತ ಕಾಗದದಿಂದ ಹತ್ತು ನಿಮಿಷ ತಿಕ್ಕುವುದಕ್ಕಿಂತ ಹೊಸ ತುಂಡಿನಿಂದ ಎರಡು ನಿಮಿಷ ಉಜ್ಜುವುದು ಮೇಲು.

ಕೊನೆಯ ತರಿಯಲ್ಲಿ ಮಾತ್ರ ಒಂದು ನಿಯಮ ಬದಲಾಗುತ್ತದೆ: ಹಿಂದೆಮುಂದೆ ಬೇಡ, ಹಿಡಿಯಿಂದ ಮೊನೆಗೆ ಒಂದೇ ದಿಕ್ಕಿನಲ್ಲಿ ಎಳೆದು ಎತ್ತಿ. ದಿಕ್ಕು ಬದಲಾಗುವ ಕ್ಷಣದಲ್ಲಿ ಸಡಿಲವಾದ ಹರಳೊಂದು ಹೊರಳಿ ಗಾಳದ ಕೊಕ್ಕೆಯಂಥ ಗೀರು ಬಿಡುತ್ತದೆ. ಪಿ400ರಲ್ಲಿ ಸಮನಾಗಿ ಮುಗಿಸಿದ ಅಲಗು, ಪಿ1000ಕ್ಕೆ ಆತುರದಲ್ಲಿ ಏರಿಸಿದ ಅಲಗಿಗಿಂತ ಚೆನ್ನಾಗಿ ಕಾಣುತ್ತದೆ. ನಯವಾದಷ್ಟೂ ಹಳೆಯ ಆಳದ ಗೀರು ಎದ್ದು ತೋರುತ್ತದೆ.

ಧೂಳು, ಕಿಡಿ, ಪಾಲಿಶ್ ಚಕ್ರ

ಕಣ್ಣಿಗೆ ಕಾಣುವ ಕಿಡಿಗಿಂತ ಕಾಣದ ಪುಡಿ ಕೆಟ್ಟದು. ಸಾದಾ ಬಟ್ಟೆಯ ಮುಖಗವಸು ಸಾಲದು; ಮೂಗು ಬಾಯಿಗೆ ಬಿಗಿಯಾಗಿ ಕೂರುವ, ಪಿ100 ಅಥವಾ ಪಿ3 ದರ್ಜೆಯ ಫಿಲ್ಟರಿನ ಮಾಸ್ಕ್ ಬೇಕು. (ಈ ‘ಪಿ’ಗೂ ತರಿಯ ‘ಪಿ’ಗೂ ಸಂಬಂಧವಿಲ್ಲ.) ಹಿಡಿಗೆ ಬಳಸುವ ಜಿ10 ಎಂಬುದು ಗಾಜಿನ ನೂಲು ಮತ್ತು ಎಪಾಕ್ಸಿ, ಅದರ ಪುಡಿ, ಕಾರ್ಬನ್ ಫೈಬರಿನ ಪುಡಿ, ಎಲುಬು ಮತ್ತು ಚಿಪ್ಪಿನ ಪುಡಿ ಯಾವುದನ್ನೂ ಉಸಿರಾಡಬಾರದು.

ಕಿಡಿ ಬೀಳುವ ಜಾಗದಲ್ಲಿ ನೀರು ತುಂಬಿದ ಬಕೆಟ್ ಇಡಿ. ಮರದ ಪುಡಿ ಸೇರಿರುವ ಧೂಳು ಹೀರುವ ಯಂತ್ರಕ್ಕೆ ಉಕ್ಕಿನ ಕಿಡಿ ಹೋದರೆ, ನೀವು ಕೆಲಸ ಮುಗಿಸಿ ಮನೆಗೆ ಹೋದ ಮೇಲೆ ಬೆಂಕಿ ಹೊತ್ತಿಕೊಳ್ಳಬಹುದು. ಅಲ್ಯೂಮಿನಿಯಂ ಅಥವಾ ಮೆಗ್ನೀಸಿಯಂ ಪುಡಿ ಉಕ್ಕಿನ ಪುಡಿಯೊಂದಿಗೆ ಬೆರೆಯಲು ಬಿಡಲೇಬೇಡಿ. ಬೆಲ್ಟಿನ ಮುಂದೆ ಬಟ್ಟೆಯ ಕೈಗವಸು, ಸಡಿಲ ತೋಳು, ಜೋತಾಡುವ ದಾರ ಬೇಡ. ಬೆಲ್ಟ್ ಬಟ್ಟೆಯನ್ನು ಹಿಡಿದರೆ ಕೈಯನ್ನೂ ಎಳೆದೊಯ್ಯುತ್ತದೆ.

ಪಾಲಿಶ್ ಮಾಡುವ ಬಟ್ಟೆಯ ಚಕ್ರ ಮೆತ್ತಗೆ ಕಾಣುತ್ತದೆ. ಅನುಭವಿಗಳು ವರ್ಕ್‌ಶಾಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರುವುದು ಅದಕ್ಕೇ. ಬಟ್ಟೆ ಅಲಗಿನ ಅಂಚನ್ನು ಹಿಡಿದರೆ ಚಾಕುವನ್ನು ಕೈಯಿಂದ ಕಿತ್ತು ಕಾಲಿನತ್ತಲೋ ಹೊಟ್ಟೆಯತ್ತಲೋ ಎಸೆಯುತ್ತದೆ. ಚಕ್ರದ ನಡುಮಟ್ಟಕ್ಕಿಂತ ಕೆಳಗೆ ಮಾತ್ರ ತಾಗಿಸಿ, ಅಂಚು ಚಕ್ರ ತಿರುಗುವ ದಿಕ್ಕಿಗೇ ಇರಲಿ, ಎದುರಾಗಿ ಎಂದೂ ಬೇಡ. ಬಾಯಿಯನ್ನು ಮಸೆದು ಚೂಪು ಮಾಡುವುದು ಪಾಲಿಶೂ ಮುಗಿದ ಮೇಲಿನ ಕಟ್ಟಕಡೆಯ ಕೆಲಸ.

ಯಾವುದು ಮೊದಲು

ಮೊದಲ ಎರಡು ಮೂರು ಚಾಕುಗಳಿಗೆ ಅರಗಳು, ಕೋನದ ಕಟ್ಟು, ಕಪ್ಪು ಕಾಗದ, ಅಲಗನ್ನು ಬಿಗಿದು ಹಿಡಿಯುವ ಗಟ್ಟಿಯಾದ ವೈಸ್ ಮತ್ತು ಒಳ್ಳೆಯ ಮಾಸ್ಕ್. ಇಳಿಜಾರು ಎಂದರೇನು ಎಂದು ಕೈಗೆ ತಿಳಿಯುವುದು ಇಲ್ಲೇ. ಹೊರ ಆಕಾರ ಕತ್ತರಿಸುವುದು ಬೇಸರ ತಂದಾಗ ಆಂಗಲ್ ಗ್ರೈಂಡರ್. ಇಳಿಜಾರು ತೆಗೆಯುವ ಹೊತ್ತೇ ಕೆಲಸವನ್ನು ತಡೆಯುತ್ತಿದೆ ಎನ್ನಿಸಿದಾಗ 2×72. ಆಗಲೂ ಇರುವ ಹಣವೆಲ್ಲ ಯಂತ್ರಕ್ಕೇ ಸುರಿಯದೆ ಒಂದು ಪಾಲನ್ನು ಬೆಲ್ಟಿಗೆ ತೆಗೆದಿಡಿ. ವೇಗ ಬದಲಿಸುವ ಸೌಲಭ್ಯಕ್ಕೂ ದೊಡ್ಡ ಚಕ್ರಕ್ಕೂ ನಡುವೆ ಒಂದನ್ನೇ ಆರಿಸಬೇಕಾದರೆ ವೇಗವನ್ನು ಆರಿಸಿ. ಚಕ್ರವನ್ನು ಆಮೇಲೆ ಸೇರಿಸಬಹುದು.